ದೊಡ್ಡ ಸದಸ್ಯ ವಂತಿಗೆ ನಿಲ್ಲಿಸಿದಾಗ: ಅಂತಾರಾಷ್ಟ್ರೀಯ ಸಂಸದೀಯ ಸಂಸ್ಥೆಯ ಬಜೆಟ್ ಮಾಡೋ ಹಂತಗಳು

ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮನೆ ಹಾಲ್‌ನಲ್ಲಿ ಒಂದಷ್ಟು ಹುಡುಗ ಹುಡುಗೀರು ಕೂರ್ತಾರೆ. ಕೆಲವರು ಸಿಎ ಆರ್ಟಿಕಲ್‌ಶಿಪ್ ಮಾಡ್ತಿರೋರು, ಕೆಲವರು ಪಬ್ಲಿಕ್ ಅಡ್ಮಿನಿಸ್ಟ್ರೇಶನ್ ಓದ್ತಿರೋರು, ಇಬ್ಬರು ಮೂವರು ಜಿನೀವಾ, ಸ್ಟ್ರಾಸ್‌ಬರ್ಗ್ ಕಡೆ ಫೈನಾನ್ಸ್ ಪೋಸ್ಟ್ ಕಂಡ ತಕ್ಷಣ ಅರ್ಜಿ ಹಾಕೋರು. ಅವ್ರಿಗೆ ನಾನು ಪ್ರತಿ ಬ್ಯಾಚಲ್ಲೂ ಒಂದೇ ಲೆಕ್ಕ ಕೊಡ್ತೀನಿ, ಪ್ರತಿ ಬ್ಯಾಚೂ ಒಂದೇ ಜಾಗದಲ್ಲಿ ಎಡವತ್ತೆ, ಅದಕ್ಕೇ ಈ ಸಲ ಬರೆದೇ ಇಟ್ಟುಬಿಡೋಣ ಅಂತ.

ಲೆಕ್ಕ ಇದು, ಅಂಕಿ ಎಲ್ಲ ಅಭ್ಯಾಸಕ್ಕೆ ನಾನೇ ಕಟ್ಟಿದ್ದು. ಒಂದು ಅಂತಾರಾಷ್ಟ್ರೀಯ ಸಂಸದೀಯ ಸಂಸ್ಥೆ, ಅಂದ್ರೆ ಬೇರೆ ಬೇರೆ ದೇಶದ ಸಂಸತ್ತುಗಳೇ ಸದಸ್ಯರಾಗಿರೋ ಸಂಸ್ಥೆ, ವರ್ಷದ ಆದಾಯ 2 ಕೋಟಿ ಸ್ವಿಸ್ ಫ್ರಾಂಕ್. ಅದರಲ್ಲಿ ಸದಸ್ಯ ಸಂಸತ್ತುಗಳ ವಂತಿಗೆ 150 ಲಕ್ಷ, ಡೋನರ್ ಪ್ರಾಜೆಕ್ಟ್ ದುಡ್ಡು 42 ಲಕ್ಷ, ಬಡ್ಡಿ ಬಾಡಿಗೆ ಇತ್ಯಾದಿ 8 ಲಕ್ಷ. ವಂತಿಗೆಯ 12 ಪರ್ಸೆಂಟ್ ಕೊಡ್ತಿದ್ದ ಸದಸ್ಯ ಹೊರಗೆ ಹೋದ, ಅಂದ್ರೆ 18 ಲಕ್ಷ ಇಲ್ಲ. ಜೊತೆಗೆ ಒಬ್ಬ ಡೋನರ್ 15 ಲಕ್ಷದ ಪ್ರಾಜೆಕ್ಟ್ ಮುಗಿಸಿಬಿಟ್ಟ. ಹೊಸ ಬಜೆಟ್ ಮಾಡಿ.

ಹುಡುಗ್ರು ಏನ್ ಮಾಡ್ತಾರೆ? 33 ಲಕ್ಷ ಹೋಯ್ತು, 33 ಭಾಗಿಸು 200, ಹದಿನಾರೂವರೆ ಪರ್ಸೆಂಟ್. ವಿಜಯಪುರದ ಹುಡುಗ ಒಬ್ಬ ಹತ್ತೇ ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿದ. "ಅಕ್ಕಾರ, ಎಲ್ಲಾ ಲೈನಿಗೂ ಹದಿನಾರೂವರೆ ಕಡಿಮಿ ಮಾಡಿಬಿಟ್ಟೆ, ಟ್ಯಾಲಿ ಆತು ನೋಡ್ರಿ." ಟ್ಯಾಲಿ ಆಗಿತ್ತು ನಿಜ, ಆದ್ರೆ ಆ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಪಗಾರ ಕೊಡಕ್ಕಾಗದೆ ಬಾಗಿಲು ಹಾಕ್ತಿತ್ತು. ಯಾಕೆ ಅಂತ 3ನೇ ಹಂತದಲ್ಲಿ ಬರತ್ತೆ.

ಕೂರೋ ಮುಂಚೆ ಟೇಬಲ್ ಮೇಲೆ ಏನಿರಬೇಕು

ಎಕ್ಸೆಲ್ ಕೊನೆಗೆ ತೆಗೀರಿ, ಮೊದಲು ಕಾಗದ. ಸಂಸ್ಥೆಯ ಹಣಕಾಸು ನಿಯಮಾವಳಿ, ಯಾವ ಸದಸ್ಯ ಎಷ್ಟು ಕೊಡಬೇಕು ಅನ್ನೋ ವಂತಿಗೆ ಸ್ಕೇಲ್, ಕಳೆದ 5 ವರ್ಷ ಪ್ರತಿ ಸದಸ್ಯ ಯಾವ ತಿಂಗಳು ದುಡ್ಡು ಹಾಕಿದ ಅನ್ನೋ ಬ್ಯಾಂಕ್ ಪಟ್ಟಿ, ಡೋನರ್ ಅಗ್ರಿಮೆಂಟ್‌ಗಳು, ನೌಕರರ ಪಟ್ಟಿ ಕಾಂಟ್ರಾಕ್ಟ್ ಮುಗಿಯೋ ತಾರೀಖಿನ ಸಮೇತ, ಮುಂದಿನ 2 ವರ್ಷದ ಸಭೆಗಳ ಕ್ಯಾಲೆಂಡರ್. ಇದರಲ್ಲಿ ಜನ ತರದೇ ಬರೋದು ಬ್ಯಾಂಕ್ ಪಟ್ಟಿ, ಮತ್ತೆ ಅತಿ ಹೆಚ್ಚು ಬೇಕಾಗೋದೂ ಅದೇ.

ಹಂತ 1: ಬಜೆಟ್ ಯಾರ ಕೈಲಿದೆ ಅಂತ ನೋಡಿ

ಸಂಸದೀಯ ಸಂಸ್ಥೆ ಅಂದ ಮಾತ್ರಕ್ಕೆ ತನ್ನ ಬಜೆಟ್ ತಾನೇ ಪಾಸ್ ಮಾಡತ್ತೆ ಅಂತಿಲ್ಲ. ಜಿನೀವಾದ ಅಂತರ್ ಸಂಸದೀಯ ಒಕ್ಕೂಟ, ಅಂದ್ರೆ ಐಪಿಯು, ಅದಕ್ಕೆ ತನ್ನದೇ ಬಜೆಟ್ ಇದೆ, ಸದಸ್ಯ ಸಂಸತ್ತುಗಳು ಕೂತಿರೋ ಗವರ್ನಿಂಗ್ ಕೌನ್ಸಿಲ್ ಅದನ್ನ ಪಾಸ್ ಮಾಡತ್ತೆ. ಸ್ಟ್ರಾಸ್‌ಬರ್ಗ್‌ನ ಕೌನ್ಸಿಲ್ ಆಫ್ ಯುರೋಪ್, ಅಂದ್ರೆ ಯುರೋಪಿಯನ್ ಯೂನಿಯನ್ ಅಲ್ಲದ ಬೇರೆಯದೇ ಒಂದು ಯುರೋಪ್ ದೇಶಗಳ ಸಂಸ್ಥೆ, ಅದರ ಸಂಸದೀಯ ಸಭೆ ಹಂಗಲ್ಲ, ಅದರ ದುಡ್ಡು ಇಡೀ ಕೌನ್ಸಿಲ್‌ನ ಬಜೆಟ್ ಒಳಗಿಂದ ಬರತ್ತೆ, ಅದನ್ನ ಪಾಸ್ ಮಾಡೋದು ಸರ್ಕಾರಗಳ ಮಂತ್ರಿಗಳ ಸಮಿತಿ.

ಇದು ಯಾಕೆ ಮುಖ್ಯ ಅಂದ್ರೆ, ಸಂಸದರು ತಗೊಳ್ಳೋ ರಾಜಕೀಯ ತೀರ್ಮಾನದ ಬಿಲ್ ಬೇರೆಯವ್ರ ಟೇಬಲ್‌ಗೆ ಹೋಗಬಹುದು. ರಷ್ಯಾ ಕ್ರಿಮಿಯಾನ ವಶ ಮಾಡ್ಕೊಂಡ್ಮೇಲೆ 2014ರಲ್ಲಿ ಆ ಸಭೆ ರಷ್ಯಾ ನಿಯೋಗದ ಮತದಾನದ ಹಕ್ಕು ತಡೀತು, 2017ರ ಜೂನ್‌ನಲ್ಲಿ ರಷ್ಯಾ ವಂತಿಗೆ ಕಟ್ಟೋದನ್ನೇ ನಿಲ್ಲಿಸ್ತು, ವರ್ಷಕ್ಕೆ ಸುಮಾರು 3.3 ಕೋಟಿ ಯುರೋ. ಏಟು ಬಿದ್ದಿದ್ದು ಬರೀ ಸಂಸದೀಯ ಸಭೆಗಲ್ಲ, ಇಡೀ ಸಂಸ್ಥೆಗೆ. ಅದೇ ವರ್ಷದ ಕೊನೆಗೆ ಟರ್ಕಿ ಬೇರೆ ನಾನಿನ್ನು ದೊಡ್ಡ ವಂತಿಗೆದಾರ ಆಗಿರಲ್ಲ ಅಂತ ಹಿಂದೆ ಸರೀತು. ಒಂದೇ ಸಲ ಎರಡು ಏಟು, ಇದನ್ನ ನೆನಪಲ್ಲಿಟ್ಕೊಳ್ಳಿ, 6ನೇ ಹಂತದಲ್ಲಿ ಬೇಕಾಗತ್ತೆ.

ಹಂತ 2: ಆದಾಯಾನ ಡಬ್ಬಿಗೆ ಹಾಕಿ

ಮೂರು ಡಬ್ಬಿ. ಸದಸ್ಯರು ಕಡ್ಡಾಯವಾಗಿ ಕೊಡೋ ವಂತಿಗೆ ಒಂದು. ಇಂಥದ್ದಕ್ಕೇ ಖರ್ಚು ಮಾಡಿ ಅಂತ ಹೇಳಿ ಕೊಟ್ಟ ಡೋನರ್ ದುಡ್ಡು ಒಂದು. ಉಳಿದ ಚಿಲ್ಲರೆ ಒಂದು.

ಎರಡನೇ ಡಬ್ಬಿಗೆ ಕೈ ಹಾಕಂಗಿಲ್ಲ. ನಮ್ಮ ಕಡೆ ಸಂಘಗಳಲ್ಲಿ ಕೆಲಸ ಮಾಡಿದವ್ರಿಗೆ ಇದನ್ನ ಹೇಳಿಕೊಡೋದೇ ಬೇಡ. ಹೋಟೆಲ್ ಶೆಟ್ಟರೊಬ್ಬರು ಯಕ್ಷಗಾನಕ್ಕೆ ಅಂತ ಕೊಟ್ಟ ದುಡ್ಡಲ್ಲಿ ಆಫೀಸಿನ ಕರೆಂಟ್ ಬಿಲ್ ಕಟ್ಟಿ ನೋಡಿ, ಮುಂದಿನ ಜನರಲ್ ಬಾಡಿ ಮೀಟಿಂಗಲ್ಲಿ ಚೆಂಡೆ ನಿಮ್ಮ ತಲೆ ಮೇಲೇ ಬಾರಿಸ್ತಾರೆ.

ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಡೋನರ್‌ನ 15 ಲಕ್ಷ ಹೋದ್ರೆ ಆ ಪ್ರಾಜೆಕ್ಟಿನ ಖರ್ಚೂ ಜೊತೆಗೇ ಹೋಗತ್ತೆ. ನಿಜವಾಗಿ ಕಳ್ಕೊಳ್ಳೋದು ಆಫೀಸ್ ನಡೆಸಕ್ಕೆ ಅಂತ ಆ ಪ್ರಾಜೆಕ್ಟ್ ಮೇಲೆ ಹಾಕಿಕೊಳ್ತಿದ್ದ ಓವರ್‌ಹೆಡ್. ಯುರೋಪಿಯನ್ ಯೂನಿಯನ್ ಥರದ ಡೋನರ್ ಸಾಮಾನ್ಯವಾಗಿ 7 ಪರ್ಸೆಂಟ್ ಒಪ್ತಾರೆ, ಯುಎನ್‌ನ ಮಾಮೂಲಿ ದರ 13. ಈ ದರ ಪ್ರಾಜೆಕ್ಟಿನ ಖರ್ಚಿನ ಮೇಲೆ, ಹಾಗಾಗಿ ನಾವು 7 ಹಿಡಿದ್ರೆ ಬರೋ ಪ್ರತಿ 107ರಲ್ಲಿ 7 ಓವರ್‌ಹೆಡ್, 15 ಲಕ್ಷದಲ್ಲಿ ಸುಮಾರು 98 ಸಾವಿರ. ಹಾಗಾಗಿ ತುಂಬಬೇಕಾದ ಹೊಂಡ 33 ಲಕ್ಷ ಅಲ್ಲ, 18 ಲಕ್ಷಕ್ಕೆ ಇದು ಸೇರಿ ಹತ್ತಿರತ್ತಿರ 19 ಲಕ್ಷ. ಸಂಸ್ಥೆ ತನ್ನಿಷ್ಟದಂತೆ ಖರ್ಚು ಮಾಡಬಹುದಾದ ದುಡ್ಡು ಮೊದಲು 160.75 ಲಕ್ಷ ಇತ್ತು (ವಂತಿಗೆ 150, ಚಿಲ್ಲರೆ 8, 42 ಲಕ್ಷ ಡೋನರ್ ದುಡ್ಡಿನ ಓವರ್‌ಹೆಡ್ 2.75), ಅದರಲ್ಲಿ ಸುಮಾರು 12 ಪರ್ಸೆಂಟ್. ಹದಿನಾರೂವರೆಗೂ ಹನ್ನೆರಡಕ್ಕೂ ನಡುವೆ ಎಷ್ಟೋ ಜನರ ನೌಕರಿ ಇದೆ.

ಇಲ್ಲಿ ಇನ್ನೊಂದು ಆಸೆ ಹುಟ್ಟತ್ತೆ: ಹೋದವನ ಪಾಲನ್ನ ಉಳಿದವ್ರ ಮೇಲೆ ಹಂಚಿಬಿಡೋಣ. 18 ಲಕ್ಷಾನ ಉಳಿದ 132 ಲಕ್ಷದ ಮೇಲೆ ಹಂಚಿದ್ರೆ ಎಲ್ರಿಗೂ 13.6 ಪರ್ಸೆಂಟ್ ಏರಿಕೆ. ಸಣ್ಣ ದೇಶಗಳ ಸಂಸತ್ತು ಅದನ್ನ ಕಟ್ಟಲ್ಲ, ಕಟ್ಟದೇ ಇದ್ರೆ ಬಾಕಿ ಬೆಳೆಯತ್ತೆ, ಬಾಕಿ ಬೆಳೆದ್ರೆ ಮತದ ಹಕ್ಕು ಹೋಗತ್ತೆ. ಯುಎನ್ ಚಾರ್ಟರ್‌ನ 19ನೇ ಕಲಮು ಹೇಳೋದೇ ಅದು, 2 ವರ್ಷದ ವಂತಿಗೆಯಷ್ಟು ಬಾಕಿ ಆದ್ರೆ ವೋಟಿಲ್ಲ, ಐಪಿಯು ನಿಯಮದಲ್ಲೂ ಅದೇ ಥರ 2 ವರ್ಷದ ಮಿತಿ ಇದೆ. ಒಬ್ಬನ್ನ ಕಳ್ಕೊಂಡ ಸಿಟ್ಟಿಗೆ ಇನ್ನೂ ನಾಲ್ಕು ಜನರನ್ನ ಹೊರಗೆ ದೂಡಬೇಡಿ.

ಹಂತ 3: ಖರ್ಚು ಮುಟ್ಟೋ ಮುಂಚೆ ತಿಂಗಳ ಕ್ಯಾಶ್ ಬರೀರಿ

ಇಡೀ ಬರಹದಲ್ಲಿ ಒಂದೇ ಹಂತ ಓದ್ತೀರಾ ಅಂದ್ರೆ ಇದನ್ನ ಓದಿ. ಬಜೆಟ್ ಅನ್ನೋದು ವರ್ಷದ ಲೆಕ್ಕ, ಪಗಾರ ಅನ್ನೋದು ತಿಂಗಳ ಲೆಕ್ಕ.

ಡೋನರ್ ಪ್ರಾಜೆಕ್ಟ್ ಬಿಟ್ಟು ನಮ್ಮ ಸಂಸ್ಥೆಯ ಖರ್ಚು ಹೀಗಿದೆ: ನೌಕರರಿಗೆ 112 ಲಕ್ಷ, ವರ್ಷಕ್ಕೆ ಎರಡು ಮಹಾಸಭೆಗೆ 26 ಲಕ್ಷ, ಕಟ್ಟಡ ಐಟಿ ಇನ್ಶೂರೆನ್ಸ್ ಆಡಿಟ್ 15 ಲಕ್ಷ, ಓಡಾಟ ಪ್ರಿಂಟಿಂಗ್ ಕನ್ಸಲ್ಟಂಟ್ 7.75 ಲಕ್ಷ. ಮಹಾಸಭೆ ಬಿಟ್ರೆ ತಿಂಗಳಿಗೆ ಸುಮಾರು 11.2 ಲಕ್ಷ ಹೋಗ್ತಾನೇ ಇರತ್ತೆ.

ಇನ್ನೂ ಏನೂ ಕಟ್ ಮಾಡಿಲ್ಲ ಅಂತಿಟ್ಕೊಂಡು ಜುಲೈ ಕೊನೆಗೆ ಬನ್ನಿ. ಜನವರಿಗೆ ಬ್ಯಾಂಕಲ್ಲಿ 20 ಲಕ್ಷ ಇತ್ತು. ಉಳಿದ ಸದಸ್ಯರ 132 ಲಕ್ಷದಲ್ಲಿ ಜುಲೈ ಒಳಗೆ ಬಂದಿದ್ದು 60 ಪರ್ಸೆಂಟ್, 79 ಲಕ್ಷ. ಚಿಲ್ಲರೆ 4.5 ಲಕ್ಷ. ಒಟ್ಟು 103.5. ಏಳು ತಿಂಗಳ ಖರ್ಚು 78.6, ವಸಂತದ ಮಹಾಸಭೆ 13, ಒಟ್ಟು 91.6. ಉಳಿದಿದ್ದು ಸುಮಾರು 12 ಲಕ್ಷ. ಆಗಸ್ಟ್ ಯುರೋಪಿನಲ್ಲಿ ರಜೆ ತಿಂಗಳು, ಯಾವ ಸಂಸತ್ತಿನ ಅಕೌಂಟ್ಸ್ ಸೆಕ್ಷನ್ನೂ ಫೋನ್ ಎತ್ತಲ್ಲ. ಆಗಸ್ಟ್ 31ಕ್ಕೆ ಕೈಯಲ್ಲಿ 1 ಲಕ್ಷ ಉಳಿಯತ್ತೆ. ಸೆಪ್ಟೆಂಬರ್ ಪಗಾರವೊಂದೇ 9.3 ಲಕ್ಷ. ವಿಜಯಪುರದವನ ಥರ ಎಲ್ಲಾ ಲೈನು ಕಡಿಮೆ ಮಾಡಿದೀನಿ ಅಂದ್ರೂ ಈ ಗತಿ ತಪ್ಪೋದಿಲ್ಲ, ಯಾಕಂದ್ರೆ ಪಗಾರದ ಲೈನಲ್ಲಿ ಕಾಗದದ ಮೇಲೆ ಕಡಿಮೆ ಆದ ಅಂಕಿ ಬ್ಯಾಂಕಲ್ಲಿ ಕಡಿಮೆ ಆಗಲ್ಲ. ಅದು 5ನೇ ಹಂತ.

ಶೀಟ್ ಮಾಡೋದು ಹೀಗೆ: ಒಂದು ಸಾಲಿಗೆ ಒಬ್ಬ ಸದಸ್ಯ, ಅಡ್ಡಕ್ಕೆ 12 ತಿಂಗಳು. ನಿಯಮದ ಪ್ರಕಾರ ಯಾವಾಗ ಕಟ್ಟಬೇಕು ಅನ್ನೋದನ್ನ ಬರೀಬೇಡಿ, ಕಳೆದ 5 ವರ್ಷ ನಿಜವಾಗಿ ಯಾವಾಗ ಕಟ್ಟಿದ್ರು ಅನ್ನೋದನ್ನ ಬರೀರಿ. ಯುಎನ್‌ನಲ್ಲಿ ವಂತಿಗೆ ವರ್ಷದ ಶುರುವಿಗೇ ಕಟ್ಟಬೇಕು ಅಂತ ನಿಯಮ, ಆದ್ರೆ 22 ಪರ್ಸೆಂಟ್ ಪಾಲಿನ ಅಮೆರಿಕದ ಹಣಕಾಸು ವರ್ಷ ಶುರುವಾಗೋದೇ ಅಕ್ಟೋಬರ್ 1ಕ್ಕೆ, ಹಾಗಾಗಿ ಅವರ ದುಡ್ಡು ವರ್ಷದ ಕೊನೇಲಿ ಬರೋದು ವರ್ಷಗಟ್ಟಲೆ ರೂಢಿಯಾಗಿತ್ತು. ಅದರ ಮೇಲೆ ಜನವರಿಗೆ ಬರತ್ತೆ ಅಂತ ಬಜೆಟ್ ಕಟ್ಟಿದ್ರೆ ತಪ್ಪು ಯಾರದ್ದು?

ಇಲ್ಲಿ ಅಕೌಂಟ್ಸ್ ಓದಿದವ್ರೇ ಜಾಸ್ತಿ ಬೀಳೋದು. ಇಪ್ಸಾಸ್, ಅಂದ್ರೆ ಸಾರ್ವಜನಿಕ ಸಂಸ್ಥೆಗಳ ಅಂತಾರಾಷ್ಟ್ರೀಯ ಲೆಕ್ಕಪತ್ರ ಪದ್ಧತಿ, ಅದರಲ್ಲಿ ವಂತಿಗೆ ಬರಬೇಕಾಗಿದ್ರೆ ಸಾಕು, ಅದು ಆದಾಯ ಅಂತ ಪುಸ್ತಕಕ್ಕೆ ಬರತ್ತೆ. ಪುಸ್ತಕದಲ್ಲಿ ಮಿಗತೆ, ಬ್ಯಾಂಕಲ್ಲಿ ಬರಿಗೈ, ಎರಡೂ ಒಟ್ಟಿಗೆ ನಿಜ ಆಗಿರಬಹುದು. ಹಳೇ ಬಾಕಿನ ಈ ವರ್ಷದ ಆದಾಯಕ್ಕೆ ಸೇರಿಸೋದಂತೂ ಬೇಡವೇ ಬೇಡ, ಬಂದ್ರೆ ಬೋನಸ್, ಇಲ್ಲ ಅಂದ್ರೆ ಇಲ್ಲ.

ಇದೇ ಹಂತದಲ್ಲಿ ನಿಯಮಾವಳಿಯಲ್ಲಿ ಇನ್ನೊಂದು ಹುಡುಕಿ: ವರ್ಷದ ಕೊನೆಗೆ ಖರ್ಚಾಗದೆ ಉಳಿದ ದುಡ್ಡು ಏನಾಗತ್ತೆ? ಯುಎನ್‌ನಲ್ಲಿ ಅದನ್ನ ಸದಸ್ಯರಿಗೆ ವಾಪಸ್ ಜಮಾ ಮಾಡೋ ಪದ್ಧತಿ. ದುಡ್ಡು ಬಾರದ್ದಕ್ಕೇ ಖರ್ಚು ಮಾಡದೇ ಇದ್ರೂ ಅದು ಉಳಿತಾಯ ಅಂತಾಗಿ, ಬಾರದ ದುಡ್ಡನ್ನೇ ವಾಪಸ್ ಕೊಡಬೇಕಾಗಿ ಬರತ್ತೆ. ಯುಎನ್ ಮಹಾ ಕಾರ್ಯದರ್ಶಿ ಸ್ಥಾನದಿಂದ ಗುಟೆರಸ್ ವರ್ಷಗಟ್ಟಲೆ ಈ ಬಗ್ಗೆ ತಕರಾರು ಎತ್ತಿದಾರೆ. ನಿಮ್ಮ ಸಂಸ್ಥೆಯಲ್ಲೂ ಇಂಥ ಕಲಮು ಇದ್ರೆ, ಅದಕ್ಕೆ ಒಂದು ವರ್ಷದ ವಿನಾಯಿತಿ ಕೇಳೋ ಠರಾವು ಈಗ್ಲೇ ಬರೆದಿಡಿ.

ಹಂತ 4: ಮುಟ್ಟಕ್ಕಾಗದ ಖರ್ಚು ಬೇರೆ ಮಾಡಿ

ಆಡಿಟ್, ಇನ್ಶೂರೆನ್ಸ್, ಸಂಸ್ಥೆಯ ಸಂವಿಧಾನದ ಪ್ರಕಾರ ನಡೀಲೇಬೇಕಾದ ಸಭೆ, ಪೆನ್ಷನ್ ಪಾಲು. ಪೆನ್ಷನ್ ಅನ್ನೋದನ್ನ ಮರೆಯೋರು ಜಾಸ್ತಿ. ಐಪಿಯು ಥರ ಯುಎನ್ ಜಂಟಿ ಪೆನ್ಷನ್ ಫಂಡಿನಲ್ಲಿರೋ ಸಂಸ್ಥೆ ಆದ್ರೆ ಪೆನ್ಷನ್ ಲೆಕ್ಕಕ್ಕೆ ಹಿಡಿಯೋ ಸಂಬಳದ 23.7 ಪರ್ಸೆಂಟ್ ಕಟ್ಟಬೇಕು, ಅದರಲ್ಲಿ 7.9 ನೌಕರನದ್ದು, 15.8 ಸಂಸ್ಥೆಯದ್ದು.

ಈ ಪಟ್ಟಿಗೆ ನಾನು ಒಂದು ಸೇರಿಸ್ತೀನಿ, ವಂತಿಗೆ ವಸೂಲಿ ನೋಡ್ಕೊಳ್ಳೋ ಮನುಷ್ಯ. ಕಟ್ ಬಂದಾಗ ಮೊದಲು ಹೋಗೋದು ಇಂಥ ಬ್ಯಾಕ್ ಆಫೀಸ್ ಪೋಸ್ಟೇ. ಅವನು ಹೋದ್ಮೇಲೆ ಸದಸ್ಯರಿಗೆ ನೆನಪಿನ ಪತ್ರ ಬರೆಯೋರು ಯಾರೂ ಇರಲ್ಲ.

ಹಂತ 5: ಈಗ ಕತ್ತರಿ, ಆದ್ರೆ ಈ ಕ್ರಮದಲ್ಲಿ

ಮೊದಲು ಖಾಲಿ ಪೋಸ್ಟ್. ನಮ್ಮ ಸಂಸ್ಥೆಯಲ್ಲಿ 4 ಖಾಲಿ ಇವೆ, ತಲಾ 1.6 ಲಕ್ಷ, 6.4 ಲಕ್ಷ ಅವತ್ತೇ ಉಳೀತು. ಒಂದು ಎಚ್ಚರ, ಹಳೇ ಬಜೆಟ್‌ನಲ್ಲಿ ಇಷ್ಟು ಪೋಸ್ಟ್ ಹೆಂಗೂ ಖಾಲಿ ಇರತ್ತೆ ಅಂತ ಮೊದಲೇ ಕಳೆದಿದ್ರಾ ನೋಡಿ. ಕಳೆದಿದ್ರೆ ಅದೇ ಉಳಿತಾಯಾನ ನೀವು ಎರಡನೇ ಸಲ ಎಣಿಸ್ತಿದೀರ.

ಆಮೇಲೆ ಮಹಾಸಭೆ. ಇಲ್ಲಿ ಎಲ್ರಿಗೂ ಮೊದಲು ಹೊಳೆಯೋದು ಒಂದು ಭಾಷೆ ಬಿಟ್ಟುಬಿಡೋಣ ಅಂತ. ಲೆಕ್ಕ ಹಾಕಿ ನೋಡಿ. ಒಂದು ಬೂತ್‌ನಲ್ಲಿ ಒಬ್ಬರೇ ಕೂತು ದಿನವಿಡೀ ಇಂಟರ್‌ಪ್ರಿಟೇಶನ್, ಅಂದ್ರೆ ಭಾಷಣಾನ ಆಗಿಂದಾಗ್ಲೇ ಬೇರೆ ಭಾಷೇಲಿ ಹೇಳೋ ಕೆಲಸ, ಮಾಡಕ್ಕಾಗಲ್ಲ, ಸುಮಾರು ಅರ್ಧ ಗಂಟೆಗೊಮ್ಮೆ ಮೈಕ್ ಬದಲಾಯಿಸ್ಕೊಳ್ತಾರೆ, ಕನಿಷ್ಠ ಇಬ್ಬರು ಬೇಕು. ಒಟ್ಟಿಗೆ 3 ಕೋಣೆಯಲ್ಲಿ ಸಭೆ ನಡೆದ್ರೆ ಒಂದು ಭಾಷೆಗೆ 6 ಜನ. ದಿನಕ್ಕೆ ಭತ್ಯೆ ಸೇರಿ 1,200 ಫ್ರಾಂಕ್ ಅಂತ ಹಿಡಿಯಿರಿ, 5 ದಿನಕ್ಕೆ 36,000. ಈಗ ನಮ್ಮ ಸಂಸ್ಥೆಯ ಭಾಷೆ ನಾಲ್ಕೂ ಇರ್ಲಿ, ಸಭೇನೇ ಒಂದು ದಿನ ಕಡಿಮೆ ಮಾಡಿ: 24 ಜನ, ಒಂದು ದಿನ, 28,800. ಅದಕ್ಕೆ ಹಾಲ್ ಬಾಡಿಗೆ, ಟೆಕ್ನಿಶಿಯನ್, ಓವರ್‌ಟೈಮ್ ಸೇರಿಸಿದ್ರೆ ನಮ್ಮ ಲೆಕ್ಕದಲ್ಲಿ 70,000, ಎರಡು ಸಭೆಗೆ 1.4 ಲಕ್ಷ. ಭಾಷೆ ಬಿಟ್ಟಿದ್ದಕ್ಕಿಂತ ಜಾಸ್ತಿ ಉಳೀತು, ಯಾವ ದೇಶದ ಮೂಗೂ ಕೆಂಪಾಗಲಿಲ್ಲ. ಭಾಷೆಯ ಜಗಳ ಏನು ಅಂತ ಕನ್ನಡದವ್ರಿಗೆ ನಾನು ಹೇಳಬೇಕಾ?

ಒಂದು ಸಭೆಯನ್ನ ಯಾವುದಾದ್ರೂ ಸಂಸತ್ತು ತನ್ನ ಖರ್ಚಲ್ಲಿ ಮಾಡ್ತೀನಿ ಅಂದ್ರೆ 4 ಲಕ್ಷ ಉಳಿಯತ್ತೆ ಅಂತ ಹಿಡಿಯೋಣ. ಒಪ್ಪಂದದಲ್ಲಿ ಎಲ್ಲಾ ಸದಸ್ಯರಿಗೂ ವೀಸಾ ಕೊಡ್ತೀವಿ ಅನ್ನೋ ಮಾತು ಬರಹದಲ್ಲಿ ಇರಲಿ. ಪ್ರಿಂಟಿಂಗ್, ಓಡಾಟ, ಕನ್ಸಲ್ಟಂಟ್‌ನಿಂದ 2.5 ಲಕ್ಷ, ಆಫೀಸಿನ ಒಂದು ಮಹಡಿ ಬಾಡಿಗೆಗೆ ಕೊಟ್ಟು 1 ಲಕ್ಷ. ಇದಕ್ಕೆ ಜಾಸ್ತಿ ಮಾತು ಬೇಡ.

ಕೊನೆಗೆ ಜನ ಇರೋ ಪೋಸ್ಟ್. 5 ಪೋಸ್ಟ್ ತೆಗೆದ್ರೆ 8 ಲಕ್ಷ ಉಳಿಯತ್ತೆ ಅಂತ ಎಲ್ಲರೂ ಬರೀತಾರೆ. ಉಳಿಯಲ್ಲ. ಒಬ್ಬೊಬ್ರಿಗೆ 3 ತಿಂಗಳ ನೋಟಿಸ್, ಸರಾಸರಿ 6 ತಿಂಗಳ ಪರಿಹಾರ ಅಂದ್ರೂ 9 ತಿಂಗಳ ಪಗಾರ ಕೊಡಲೇಬೇಕು. ಯುಎನ್ ನಿಯಮದಲ್ಲಿ ತುಂಬಾ ವರ್ಷ ದುಡಿದವ್ರಿಗೆ ಪರಿಹಾರ 12 ತಿಂಗಳವರೆಗೂ ಹೋಗತ್ತೆ. ಜನವರಿ 1ಕ್ಕೆ ನೋಟಿಸ್ ಕೊಟ್ರೆ ಮೊದಲ ವರ್ಷ ಉಳಿಯೋದು 3 ತಿಂಗಳದ್ದು ಮಾತ್ರ, 2 ಲಕ್ಷ. ಇನ್ನು ಏಪ್ರಿಲ್ ಮಹಾಸಭೆಯಲ್ಲಿ ಒಪ್ಪಿಗೆ ತಗೊಂಡು ಮೇ 1ಕ್ಕೆ ನೋಟಿಸ್ ಕೊಟ್ರೆ? ಅಲ್ಲಿವರೆಗಿನ 4 ತಿಂಗಳು, ಮತ್ತೆ ಈ 9 ತಿಂಗಳು, 13 ತಿಂಗಳ ಪಗಾರ. ಆ ವರ್ಷ ಜನರನ್ನ ತೆಗೆದಿದ್ದಕ್ಕೆ 67 ಸಾವಿರ ಜಾಸ್ತಿ ಖರ್ಚು! ಇದನ್ನ ಬೋರ್ಡ್ ಮೇಲೆ ಬರೆದಾಗ ಕ್ಲಾಸ್ ಪೂರ್ತಿ ಸುಮ್ಮನಾಗತ್ತೆ. ಅದಕ್ಕೇ ಪೋಸ್ಟ್ ತೆಗೆಯೋ ತೀರ್ಮಾನ ಹಿಂದಿನ ವರ್ಷದ ಅಕ್ಟೋಬರ್ ಸಭೆಯಲ್ಲೇ ಆಗಬೇಕು.

ಕಾಗದವೂ ಸರಿ ಇರಬೇಕು. ನೌಕರರ ಸಂಘದ ಜೊತೆ ಮಾತುಕತೆ, ಬೇರೆ ಪೋಸ್ಟಿಗೆ ಹಾಕಕ್ಕಾಗತ್ತಾ ಅಂತ ಹುಡುಕಿದ ದಾಖಲೆ, ಪೋಸ್ಟ್ ನಿಜವಾಗ್ಲೂ ರದ್ದಾಗಿದೆ ಅನ್ನೋ ಆಧಾರ. ಇವಿಲ್ಲದೆ ಮನುಷ್ಯ ಅಂತಾರಾಷ್ಟ್ರೀಯ ಸಂಸ್ಥೆಗಳ ನೌಕರರ ದೂರು ಕೇಳೋ ಜಿನೀವಾದ ಐಎಲ್‌ಓ ಟ್ರಿಬ್ಯೂನಲ್‌ಗೆ ಹೋದ್ರೆ ಉಳಿಸಿದ್ದಕ್ಕಿಂತ ಜಾಸ್ತಿ ಕಟ್ಟಬೇಕಾಗಬಹುದು.

ಕೂಡಿಸಿ: 6.4, 1.4, 4, 2.5, 1, 2, ಒಟ್ಟು 17.3 ಲಕ್ಷ. 19ಕ್ಕೆ ಇನ್ನೂ 1.7 ಕಮ್ಮಿ. ಇದನ್ನ ಮಾತ್ರ ರಿಸರ್ವ್‌ನಿಂದ, ಅಂದ್ರೆ ಕಷ್ಟಕಾಲಕ್ಕೆ ಕೂಡಿಟ್ಟ ದುಡ್ಡಿಂದ, ತೆಗೀರಿ, ಯಾಕಂದ್ರೆ ಎರಡನೇ ವರ್ಷ ಆ 2 ಲಕ್ಷ 8 ಆಗತ್ತೆ, ಒಟ್ಟು 23.3. ಆ ವರ್ಷ ಆತಿಥ್ಯಕ್ಕೆ ಯಾರೂ ಸಿಗದೇ ಇದ್ರೂ 19.3, ಹೊಂಡ ಮುಚ್ಚತ್ತೆ. ಪೂರ್ತಿ 19 ಲಕ್ಷ ರಿಸರ್ವ್‌ನಿಂದ ತೆಗೆದು ಒಂದು ವರ್ಷ ದೂಡೋಣ ಅಂದ್ರೆ ಮುಂದಿನ ಜನವರಿಗೆ ಹೊಂಡ ಅಷ್ಟೇ ಇರತ್ತೆ, ರಿಸರ್ವ್ ಮಾತ್ರ ಇರಲ್ಲ. ಅಮೆರಿಕದ ಕಾಂಗ್ರೆಸ್ 1990ರ ದಶಕದ ಕೊನೆಗೆ ಐಪಿಯು ಬಿಟ್ಟಿದ್ದು ಇವತ್ತಿಗೂ ವಾಪಸ್ ಬಂದಿಲ್ಲ, ಹೋದವ್ರು ಬರ್ತಾರೆ ಅಂತ ಕಾಯೋ ಬಜೆಟ್ ಮಾಡಬೇಡಿ.

ಹಂತ 6: ಮೂರು ಚಿತ್ರ, ಮೂರು ತಾರೀಖು

ಚಿತ್ರ ಅಂದ್ರೆ ಹೀಗಾದ್ರೆ ಏನ್ ಮಾಡೋದು ಅನ್ನೋ ಬೇರೆ ಬೇರೆ ಲೆಕ್ಕ. ದೊಡ್ಡ ಸದಸ್ಯ ತಡವಾಗಿ ಕಟ್ಟಿದ್ರೆ ಒಂದು, ಕಟ್ಟದೇ ಹೋದ್ರೆ ಒಂದು, ಅವನ ಹಿಂದೆ ಇನ್ನೊಬ್ಬನೂ ಹೋದ್ರೆ ಒಂದು. ಸ್ಟ್ರಾಸ್‌ಬರ್ಗ್‌ನಲ್ಲಿ 2017ರಲ್ಲಿ ಆಗಿದ್ದು ಈ ಮೂರನೇದು. ಪ್ರತಿ ಚಿತ್ರಕ್ಕೂ ಒಂದು ತಾರೀಖು, ಒಂದು ಅಂಕಿ ಕಟ್ಟಿಹಾಕಿ. ಉದಾಹರಣೆಗೆ ಜೂನ್ 30ಕ್ಕೆ ಬ್ಯಾಂಕಲ್ಲಿ 28 ಲಕ್ಷಕ್ಕಿಂತ ಕಡಿಮೆ ಇದ್ರೆ, ಅಂದ್ರೆ 3 ತಿಂಗಳ ಪಗಾರ ಇಲ್ದೇ ಇದ್ರೆ, ಎರಡನೇ ಚಿತ್ರದ ಕಟ್ ಯಾರನ್ನೂ ಕೇಳದೆ ಜಾರಿ. ಪರಿಸ್ಥಿತಿ ನೋಡಿ ತೀರ್ಮಾನಿಸೋಣ ಅಂತ ಬರೆದ್ರೆ ಯಾರೂ ನೋಡಲ್ಲ, ಯಾರೂ ತೀರ್ಮಾನಿಸಲ್ಲ.

ಹಂತ 7: ಕರೆನ್ಸಿ

ಖರ್ಚು ಫ್ರಾಂಕಲ್ಲಿ, ಡೋನರ್ ದುಡ್ಡು ಯುರೋದಲ್ಲಿ ಅಂದ್ರೆ ಒಂದು ಸಾಲು ಇದಕ್ಕೇ ಇಡಿ. 2015ರ ಜನವರಿ 15ಕ್ಕೆ ಸ್ವಿಸ್ ನ್ಯಾಷನಲ್ ಬ್ಯಾಂಕ್ 1 ಯುರೋಗೆ 1.20 ಫ್ರಾಂಕ್ ಅನ್ನೋ ಕನಿಷ್ಠ ಮಿತಿ ತೆಗೆದುಹಾಕ್ತು, ಯುರೋ ಅವತ್ತೇ 1 ಫ್ರಾಂಕಿನ ಆಸುಪಾಸಿಗೆ ಬಿತ್ತು. 12 ಲಕ್ಷ ಫ್ರಾಂಕ್ ಅಂದ್ಕೊಂಡಿದ್ದ ದುಡ್ಡು 10 ಲಕ್ಷದ ಹತ್ತಿರಕ್ಕೆ ಬಂತು, ಯಾರ ತಪ್ಪೂ ಇಲ್ದೇ.

ಹಂತ 8: ಸದಸ್ಯರ ಮುಂದೆ ಇಡೋ ಕಾಗದ

4 ಪುಟ ಸಾಕು. ಮೊದಲ ಪುಟದಲ್ಲಿ ತಿಂಗಳ ಕ್ಯಾಶ್‌ನ ಗೆರೆ, ಅದು ಸೊನ್ನೆ ಮುಟ್ಟೋ ತಿಂಗಳು ಕಾಣೋ ಹಾಗೆ. ಸಂಸದರು ಅಕೌಂಟಂಟ್‌ಗಳಲ್ಲ, ಆದ್ರೆ ಸೆಪ್ಟೆಂಬರ್ ಅಂತ ಕಂಡ್ರೆ ಅರ್ಥ ಆಗತ್ತೆ. ಎರಡನೇ ಪುಟದಲ್ಲಿ ಯಾವ ಕೆಲಸ ನಿಲ್ಲತ್ತೆ ಅನ್ನೋದನ್ನ ಹೆಸರು ಹಿಡಿದು ಬರೀರಿ. ಇನ್ನೂ ಕಡಿಮೆ ದುಡ್ಡಲ್ಲಿ ಇನ್ನೂ ಚೆನ್ನಾಗಿ ಮಾಡ್ತೀವಿ ಅಂತ ಬರೆದ್ರೆ ಮುಂದಿನ ವರ್ಷ ಇನ್ನೂ ಕಡಿಮೆ ಕೊಡ್ತಾರೆ, ತಪ್ಪೇನಿದೆ ಅದರಲ್ಲಿ? ಉಳಿದ ಎರಡು ಪುಟದಲ್ಲಿ ಮೂರು ಚಿತ್ರ ಮತ್ತೆ ಒಪ್ಪಿಗೆ ಬೇಕಾದ ಠರಾವುಗಳು.

ಈ ಲಕ್ಷಣ ಕಂಡ್ರೆ ಅಲ್ಲೇ ನಿಲ್ಲಿ

ಪೂರೈಕೆದಾರರ ಬಿಲ್ 30 ದಿನದಿಂದ 60 ದಿನಕ್ಕೆ ಜಾರ್ತಿದ್ರೆ. ಡೋನರ್‌ಗೆ ಕೊಡಬೇಕಾದ ರಿಪೋರ್ಟ್ ತಡ ಆಗ್ತಿದ್ರೆ, ಯಾಕಂದ್ರೆ ರಿಪೋರ್ಟ್ ಹೋಗದೆ ಮುಂದಿನ ಕಂತು ಬರಲ್ಲ. ನೌಕರರ ರಜೆ ಬಾಕಿ ಬೆಳೀತಿದ್ರೆ, ಅದೂ ಸಾಲವೇ.

ಎಲ್ಲಕ್ಕಿಂತ ಕೆಟ್ಟದ್ದು ಪ್ರಾಜೆಕ್ಟ್ ಖಾತೆಯಿಂದ ಪಗಾರಕ್ಕೆ ಕೈಗಡ. ಬಹಳ ವರ್ಷದ ಹಿಂದೆ ಒಂದು ಸಣ್ಣ ಸಂಸ್ಥೆಯ ಲೆಕ್ಕ ನೋಡ್ತಿದ್ದಾಗ ನಾನೇ ಇದಕ್ಕೆ ಸಹಿ ಹಾಕಿದೀನಿ, ಮುಂದಿನ ವಾರ ವಂತಿಗೆ ಬರತ್ತೆ ವಾಪಸ್ ಹಾಕೋಣ ಅಂತ. ವಂತಿಗೆ ಬಂದಿದ್ದು ಐದು ತಿಂಗಳ ನಂತರ, ಅಷ್ಟರಲ್ಲಿ ಡೋನರ್‌ನ ಆಡಿಟರ್ ಬಂದು ಕೂತಿದ್ದ, ಟೀ ಕೂಡ ಬೇಡ ಅಂದ. ಈಗ ನನ್ನ ಶೀಟ್‌ನಲ್ಲಿ ಆ ಖಾತೆಗೆ ಬೇರೆಯದೇ ಕಾಲಂ, ಕೆಂಪು ಬಣ್ಣ, ಒಟ್ಟು ಬ್ಯಾಲೆನ್ಸ್ ಸಾಲಿನಲ್ಲಿ ಅದು ಸೇರೋದೇ ಇಲ್ಲ. ನಿಮ್ಮ ಶೀಟ್‌ನಲ್ಲೂ ಹಂಗೇ ಮಾಡಿ, ಅದು ಸೇರಿದ್ರೆ ಕೈಯಲ್ಲಿ ದುಡ್ಡಿದೆ ಅನ್ಸತ್ತೆ.